ಹವಳಕ್ಕೆ ಹೊರಗಿನ ಗಾಳಿ

ಕೋಟಿಗೆ ಎರಡು ಎಡಭಾಗ ಇರುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು, ನಡುವೆ ಗುಂಡಿ. ಸೂಜಿ ಹಿಡಿಯಲು ಬಾರದವರಿಗೂ ಗೊತ್ತಿರುವ ವಿಷಯ. ಆದರೆ ಆವತ್ತು ಬೆಳಗ್ಗೆ ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಹೋಟೆಲ್ ಕಾವಲುಗಾರನ ಕೋಟಿನ ಎರಡು ಎಡಭಾಗಗಳು ಅಕ್ಕಪಕ್ಕ ಬಿದ್ದಿದ್ದವು. ಕತ್ತರಿಸಿದವಳು ನಾನೇ. ಕತ್ತರಿ ಇನ್ನೂ ಕೈಯಲ್ಲೇ ಇತ್ತು.

ಈ ಕಡೆಯಿಂದ ನೋಡಿದೆ, ಆ ಕಡೆಯಿಂದ ನೋಡಿದೆ, ಒಂದನ್ನು ಎತ್ತಿ ತಿರುಗಿಸಿ ಹಾಕಿದೆ. ತಿರುಗಿಸಿದರೆ ಬಟ್ಟೆಯ ಒಳಮೈ ಮೇಲಕ್ಕೆ ಬಂತು, ಅಷ್ಟೆ. ಬಟ್ಟೆ ದಪ್ಪಗಿದ್ದರೆ ಮಡಚಿ ಎರಡನ್ನೂ ಒಟ್ಟಿಗೆ ಕತ್ತರಿಸಲಾಗುವುದಿಲ್ಲ. ಒಂದು ಭಾಗ ಕತ್ತರಿಸಿ, ಕಾಗದದ ಅಚ್ಚನ್ನು ಮಗುಚಿ ಹಾಕಿ, ಇನ್ನೊಂದನ್ನು ಕತ್ತರಿಸಬೇಕು. ನಾನು ಅಚ್ಚು ಮಗುಚಿರಲಿಲ್ಲ. ಮಗ ಹುಟ್ಟುವುದಕ್ಕೂ ಮೊದಲಿನಿಂದ ಕೋಟು ಕತ್ತರಿಸುತ್ತಿರುವವಳು ನಾನು. ಮಗುಚಿದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ಹೋದರೆ ತಲೆಯೊಳಗೆ ಹತ್ತಿ ತುಂಬಿದ ಹಾಗಿತ್ತು.

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಒಳ್ಳೆಯ ಹುಡುಗಿ, ನೋಡಿಯೂ ನೋಡದವಳಂತೆ ಇರಲು ಬರುವುದಿಲ್ಲ.

"ಅತ್ತೆ, ಎರಡೂ ಒಂದೇ ಥರ ಇದೆಯಲ್ಲಾ..."

"ನಂಗೂ ಕಣ್ಣಿದೆ ಕಣಮ್ಮಾ," ಎಂದೆ. ಕಣ್ಣಿತ್ತು. ಬುದ್ಧಿ ಎಲ್ಲಿ ಹೋಗಿತ್ತೋ ಗೊತ್ತಿರಲಿಲ್ಲ.

ಬುದ್ಧಿ ಎಲ್ಲಿಗೆ ಹೋಗಿತ್ತು ಎಂದು ಹೇಳಬೇಕಾದರೆ ನಮ್ಮ ಮನೆಯ ಸಮುದ್ರದ ಕಥೆಯಿಂದ ಶುರುಮಾಡಬೇಕು. ನನ್ನ ಮಗ ಎಸಿ ರಿಪೇರಿ ಮಾಡುವವನು. ಬೇರೆಯವರ ಮಕ್ಕಳು ನಾಯಿ ಸಾಕುತ್ತಾರೆ, ಇವನು ಹವಳ ಸಾಕುತ್ತಾನೆ. ಹಾಲ್‌ನಲ್ಲಿ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ನೀರಲ್ಲಿ ನೇರಳೆ, ಹಸಿರು, ಕೇಸರಿ ಬಣ್ಣದ ಹವಳ. ಮೊದಮೊದಲು ನಾನು ಅವನ್ನು ಕಲ್ಲು ಅಂದುಕೊಂಡಿದ್ದೆ. ಅವು ಜೀವಿಗಳಂತೆ, ಮೈಸುತ್ತ ಸುಣ್ಣದ ಗೂಡು ಕಟ್ಟಿಕೊಂಡು ಬೆಳೆಯುತ್ತವಂತೆ. ಬೆಳೆದಷ್ಟೂ ನೀರಿನಲ್ಲಿರುವ ಸುಣ್ಣ ಮುಗಿಯುತ್ತದೆ, ಮುಗಿದಷ್ಟೂ ಮತ್ತೆ ಹಾಕಬೇಕು.

ಹೇಗೆ ಹಾಕಬೇಕು ಎಂಬುದೇ ಒಂದಿಡೀ ಮಳೆಗಾಲ ನಮ್ಮ ಮನೆಯ ಊಟದ ಹೊತ್ತಿನ ಮಾತಾಯಿತು. ದಿನಾ ಬಾಟಲಿಯಿಂದ ಅಳೆದು ಹಾಕುವುದು ಒಂದು ದಾರಿ. ಮರೆತರೆ ಕಥೆ ಮುಗಿಯಿತು. ಇನ್ನೊಂದು ದಾರಿ ಕ್ಯಾಲ್ಸಿಯಂ ರಿಯಾಕ್ಟರ್. ಹೆಸರು ಕೇಳಿ ಊರು ಸುಟ್ಟುಹೋಗುವಂಥದ್ದೇನೋ ಎಂದು ಹೆದರಿದೆ.

"ಅಯ್ಯೋ, ಅದಲ್ಲಮ್ಮ," ಎಂದು ಮಗ ನಕ್ಕ. "ಒಂದು ಉದ್ದನೆ ಪ್ಲಾಸ್ಟಿಕ್ ಡಬ್ಬ. ಅದ್ರೊಳಗೆ ಸತ್ತ ಹವಳದ ಚೂರು ತುಂಬೋದು. ಸೋಡಾಕ್ಕೆ ಹಾಕೋ ಗ್ಯಾಸ್ ಇರುತ್ತಲ್ಲ, ಅದನ್ನ ಗುಳ್ಳೆ ಗುಳ್ಳೆಯಾಗಿ ಬಿಡೋದು. ನೀರು ಹುಳಿಯಾಗುತ್ತೆ, ಚೂರು ಕರಗುತ್ತೆ, ಆ ನೀರು ತೊಟ್ಟು ತೊಟ್ಟಾಗಿ ತೊಟ್ಟಿಗೆ ಬೀಳುತ್ತೆ."

"ಸತ್ತೋರನ್ನ ಕರಗಿಸಿ ಬದುಕಿರೋರಿಗೆ ಕುಡಿಸೋದಾ?"

"ನಿನ್ ಬಾಯಲ್ಲಿ ಬಂದ್ರೆ ಎಲ್ಲಾ ಹೀಗೇ."

ಸಣ್ಣದು ತರಲೋ ದೊಡ್ಡದು ತರಲೋ ಎಂದು ಅವನು ಬಹಳ ದಿನ ತೂಗಿದ. ಸಣ್ಣದು ಯಾರೋ ಬಳಸಿ ಬಿಟ್ಟಿದ್ದು, ತೊಟ್ಟಿಯ ಕೆಳಗೇ ಹಿಡಿಸುತ್ತಿತ್ತು. ದೊಡ್ಡದು ಹೊಸದು, ಆದರೆ ಅದಕ್ಕೆ ಬೇರೆ ಜಾಗ ಬೇಕು. ನನ್ನನ್ನು ಕೇಳಿದ. ನಾನು ದರ್ಜಿಯ ಬುದ್ಧಿಯಲ್ಲೇ ಹೇಳಿದೆ: "ಬಟ್ಟೆ ಕಮ್ಮಿ ಬಿದ್ರೆ ಏನೂ ಮಾಡಕ್ಕಾಗಲ್ಲ. ಜಾಸ್ತಿ ಇದ್ರೆ ಒಳಗೆ ಮಡಚಿ ಹೊಲೀಬಹುದು. ದೊಡ್ಡದೇ ತಗೋ." ಜಾಗ ಎಲ್ಲಿ ಎಂದ. ನನ್ನ ಕೋಣೆ ಇದೆಯಲ್ಲ ಎಂದೆ. ನನ್ನ ಕೋಣೆಗೂ ಹಾಲ್‌ಗೂ ನಡುವೆ ಒಂದೇ ಗೋಡೆ.

ಗೋಡೆಗೆ ತೂತು ಬಿತ್ತು. ಸಮುದ್ರದ ಮುಖ ಹಾಲ್‌ನಲ್ಲಿ ಉಳಿಯಿತು, ಹೊಟ್ಟೆ ನನ್ನ ಕೋಣೆಗೆ ಬಂತು. ಮೂಲೆಯಲ್ಲಿ ನೀರು ಬಂದು ಹೋಗುವ ಎರಡನೇ ತೊಟ್ಟಿ, ಅದರೊಳಗೆ ಗಾಳಿ ಎಳೆದು ನೊರೆ ಎಬ್ಬಿಸಿ ಕೊಳೆ ತೆಗೆಯುವ ಒಂದು ಯಂತ್ರ, ಪಕ್ಕದಲ್ಲಿ ರಿಯಾಕ್ಟರ್, ಅದರ ಪಕ್ಕ ನನ್ನ ಮಂಚಕ್ಕೆ ತಾಗಿಕೊಂಡೇ ಆ ಸೋಡಾ ಗ್ಯಾಸಿನ ದೊಡ್ಡ ಸಿಲಿಂಡರ್. ನಾನು ಮಲಗುವುದು ಅಲ್ಲೇ, ಬಟ್ಟೆ ಕತ್ತರಿಸುವುದೂ ಅಲ್ಲೇ. ನೀರು ಬಿಸಿಯಾಗಬಾರದೆಂದು ಕೋಣೆಗೆ ಎಸಿ ಹಾಕಿದ. ತಂಪು ಸೋರಿಹೋಗಬಾರದೆಂದು ಕಿಟಕಿಯ ಸಂದಿಗೆಲ್ಲ ಸಿಲಿಕೋನ್ ಅಂಟು ಬಳಿದ, ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹೊಡೆದ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಅದು ಅವನಿಗೂ ಗೊತ್ತು.

"ನೋಡಮ್ಮ, ಇರುವೆ ನುಸುಳೋಕೂ ಜಾಗ ಬಿಟ್ಟಿಲ್ಲ," ಎಂದು ಕೈ ಒರೆಸಿಕೊಂಡ. ನನಗೂ ಹೆಮ್ಮೆಯಾಯಿತು.

ಆ ಸಂಜೆ ಕಸ ಗುಡಿಸುವಾಗ ಸಿಲಿಂಡರಿನ ಬುಡದಲ್ಲಿ ಬಿಳಿಯ ಪುಟ್ಟ ಬಳೆಯಂಥದ್ದೊಂದು ಸಿಕ್ಕಿತು. ಕೋಟಿನ ಗುಂಡಿಯಷ್ಟೇ ಅಗಲ. ನಿನ್ನದೇನೋ ಎಂದು ಕೇಳಿದೆ. ಗ್ಯಾಸ್ ಬಿಡುವ ರೆಗ್ಯುಲೇಟರನ್ನು ಸಿಲಿಂಡರಿನ ಬಾಯಿಗೆ ದೊಡ್ಡ ಸ್ಪ್ಯಾನರಿನಿಂದ ಬಿಗಿಯುತ್ತಿದ್ದವನು ತಲೆಯೆತ್ತಿ ನೋಡಿದ. "ಪ್ಯಾಕಿಂಗ್ ಜೊತೆ ಬಂದಿರುತ್ತೆ, ಬಿಸಾಕು," ಎಂದ. ದುಂಡಗಿರುವ ಯಾವುದನ್ನೂ ನಾನು ಎಸೆಯುವವಳಲ್ಲ. ಗುಂಡಿಯ ಡಬ್ಬಿಗೆ ಹಾಕಿಕೊಂಡೆ.

ಮೊದಲು ತಲೆನೋವು ಬಂತು. ವಯಸ್ಸಾಯಿತಲ್ಲ, ಕಣ್ಣಿನದ್ದಿರಬೇಕು ಎಂದುಕೊಂಡೆ. ಆಮೇಲೆ ಎಷ್ಟು ಮಲಗಿದರೂ ತೀರದ ನಿದ್ದೆ. ಹಾಲು ಒಲೆಯ ಮೇಲಿಟ್ಟು ಕೋಣೆಗೆ ಬಂದರೆ ಹಾಲಿನ ಜ್ಞಾಪಕವೇ ಇಲ್ಲ. ಪಾತ್ರೆ ಸುಟ್ಟು ಕರಕಲಾಯಿತು. ದಾರದ ಉಂಡೆ ಫ್ರಿಜ್ಜಿನಲ್ಲಿ ಸಿಕ್ಕಿತು. ಸೊಸೆಯನ್ನು ಸತ್ತುಹೋದ ನನ್ನ ನಾದಿನಿಯ ಹೆಸರು ಹಿಡಿದು ಕರೆದೆ, ಅದೂ ಎರಡು ಸಲ. ಪ್ರತಿ ಸಲ ಯಾರಾದರೂ ಹೇಳಿದಾಗಲೇ ನನಗೆ ಗೊತ್ತಾಗುತ್ತಿದ್ದುದು, ಗೊತ್ತಾದಾಗ ಮೈಯೆಲ್ಲ ತಣ್ಣಗಾಗುತ್ತಿತ್ತು.

ಮಗನಿಗೂ ಅದೇ ಹೊತ್ತಿಗೆ ತಲೆಬಿಸಿ ಶುರುವಾಗಿತ್ತು, ಆದರೆ ಬೇರೆ ಕಾರಣಕ್ಕೆ. ಬಹಳ ತಿಂಗಳು ಬರಬೇಕಾದ ಸಿಲಿಂಡರ್ ವಾರದೊಳಗೇ ಖಾಲಿಯಾಗುತ್ತಿತ್ತು. ರಿಯಾಕ್ಟರಿಗೆ ಹೋಗುವ ಗುಳ್ಳೆಗಳ ಲೆಕ್ಕ ಸರಿಯಾಗೇ ಇತ್ತು. ಹಾಗಾದರೆ ತುಂಬಿಸಿಕೊಡುವವನೇ ಮೋಸಗಾರ ಎಂದು ಅವನ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದ. ಇದು ಸಾಲದೆಂದು ತೊಟ್ಟಿಯ ನೀರು ಬೆಳಗಾದರೆ ಹುಳಿಯಾಗಿರುತ್ತಿತ್ತು. ನೀರಿಗೊಂದು ಮೀಟರ್ ಇಟ್ಟಿದ್ದ. ಎದ್ದ ತಕ್ಷಣ ಮುಖವನ್ನೂ ತೊಳೆಯದೆ ಅದನ್ನು ನೋಡುತ್ತಿದ್ದ. ಹೀಗೇ ಇದ್ದರೆ ಹವಳದ ಗೂಡು ಕರಗಲು ಶುರುವಾಗುತ್ತದಂತೆ. ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಖುಷಿಯಿಂದ ಬಂದ. ಕಿಟಕಿಯ ಚೌಕಟ್ಟಿಗೆ ಬೆರಳು ಹಿಡಿಸುವಷ್ಟು ತೂತು ಕೊರೆದು, ಅದರಲ್ಲಿ ಒಂದು ಕೊಳವೆ ತೂರಿಸಿ, ಸುತ್ತಲೂ ಮತ್ತೆ ಅಂಟು ಬಳಿದ. ಕೊಳವೆಯ ಒಂದು ತುದಿ ಬೀದಿಯ ಕಡೆ, ಇನ್ನೊಂದು ತುದಿ ನೊರೆ ಯಂತ್ರದ ಮೂತಿಗೆ.

"ಮುಚ್ಚಿದ ರೂಮಲ್ವಾ, ಗಾಳಿ ಸರಿ ಇಲ್ಲಮ್ಮ, ಅದಕ್ಕೇ ನೀರು ಕೆಡ್ತಿರೋದು. ಇನ್ಮೇಲೆ ಇವು ಹೊರಗಿನ ಫ್ರೆಶ್ ಗಾಳಿ ತಗೊಳ್ತವೆ."

"ಒಳ್ಳೇದಾಯ್ತು ಬಿಡು," ಎಂದೆ. ಮಂಚದ ಮೇಲೆ ತಲೆ ಹಿಡಿದುಕೊಂಡು ಕೂತಿದ್ದೆ. ಇಬ್ಬರೂ ಆಡಿದ ಮಾತು ಅದು, ಇಬ್ಬರ ಕಿವಿಗೂ ಬಿದ್ದ ಮಾತು.

ಎರಡು ಎಡಭಾಗದ ಕೋಟು ಆದದ್ದು ಅದಾದ ಮೇಲೆ. ಮಗ ನನ್ನನ್ನು ಡಾಕ್ಟರ ಬಳಿ ಕರೆದೊಯ್ದ. ಬಸ್ಸಿಗೆ ಕಾದು, ನಡೆದು, ಮರದ ಕೆಳಗಿನ ಬೆಂಚಿನಲ್ಲಿ ಸರದಿಗೆ ಕೂತು ಒಳಗೆ ಹೋಗುವಷ್ಟರಲ್ಲಿ ತಲೆ ಹಗುರಾಗಿತ್ತು. ಡಾಕ್ಟರು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿದೆ. ಹಿಂದಿನಿಂದ ಎಣಿಸಿ ಎಂದರು, ಎಣಿಸಿದೆ. ಅವರ ಕೋಟಿನ ತೋಳು ಅರ್ಧ ಇಂಚು ಗಿಡ್ಡ ಎಂದೂ ಹೇಳಿದೆ. ಏನೂ ತೊಂದರೆ ಕಾಣುತ್ತಿಲ್ಲ, ಮನೆಯಲ್ಲಿ ಗಮನಿಸುತ್ತಿರಿ ಎಂದು ಕಳಿಸಿದರು. ಮನೆಗೆ ಬಂದು ಮಲಗಿ ಎದ್ದ ಮೇಲೆ ಮತ್ತೆ ಹತ್ತಿ ತುಂಬಿಕೊಂಡಿತು.

"ಡಾಕ್ಟರ್ ಮುಂದೆ ಹುಷಾರು, ಮನೇಲಿ ಹೀಗೆ," ಎಂದು ಮಗ ಅಡುಗೆಮನೆಯಲ್ಲಿ ಹೆಂಡತಿಗೆ ಹೇಳುತ್ತಿದ್ದ. "ಮೊದಮೊದಲು ಹೀಗೇ ಮುಚ್ಚಿಟ್ಕೊಳ್ತಾರಂತೆ."

ಅರಳುಮರಳು ಎಂದು ತೀರ್ಮಾನವಾಯಿತು. ನಾನೂ ನಂಬಿದೆ. ಯಾರಿಗೂ ಸೊಪ್ಪು ಹಾಕದ ಹೆಂಗಸು ನಾನು, ನನ್ನ ತಲೆ ನನ್ನದಲ್ಲ ಎಂದು ಅವರು ಹೇಳಿದಾಗ ಸುಮ್ಮನೆ ಒಪ್ಪಿಕೊಂಡೆ. ಮಗ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, "ಸಾಕಮ್ಮ, ಎಷ್ಟು ದಿನ ದುಡೀತೀಯ, ಕೈ ಗೀ ಕುಯ್ಕೊಂಡ್ರೆ?" ಎಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಆ ಕತ್ತರಿಯಲ್ಲಿ ನಾನು ಅವನಿಗೆ ಚಿಕ್ಕಂದಿನಲ್ಲಿ ಕಾಗದ ಕತ್ತರಿಸಲೂ ಬಿಟ್ಟಿರಲಿಲ್ಲ. ಬಟ್ಟೆಯ ಕತ್ತರಿ ಬಟ್ಟೆಯನ್ನಷ್ಟೇ ಮುಟ್ಟಬೇಕು, ಇಲ್ಲದಿದ್ದರೆ ಬಾಯಿ ಕೆಡುತ್ತದೆ. ಕಟಿಂಗ್ ಟೇಬಲ್ ಕೊಳ್ಳಲು ಯಾರೋ ಒಪ್ಪಿದ್ದಾರೆ ಎಂದು ವಾರಾಂತ್ಯದಲ್ಲಿ ಹೇಳಿದ. ಕತ್ತರಿಯೂ ಇಲ್ಲ, ಟೇಬಲ್ಲೂ ಇಲ್ಲ ಎಂದರೆ ನಾನು ಯಾರು ಎಂದು ಕೇಳಬೇಕೆನಿಸಿತು. ಕೇಳಲು ಹೊರಟ ಮಾತು ಅರ್ಧದಲ್ಲೇ ಮರೆತುಹೋಯಿತು.

ನನ್ನನ್ನು ಸಮಾಧಾನ ಮಾಡಲಿ ಎಂದು ಅವನು ನನ್ನ ತಂಗಿಯನ್ನು ಕರೆಸಿದ. ನನ್ನ ತಂಗಿಯ ಬಾಯಿ ಬೀದಿಯ ಆ ತುದಿಗೆ ಕೇಳುತ್ತದೆ, ಬುದ್ಧಿ ಅದಕ್ಕಿಂತ ಚುರುಕು. ನೆಂಟರಿಷ್ಟರ ಫೋನ್ ನಂಬರೆಲ್ಲ ಅವಳಿಗೆ ಬಾಯಿಪಾಠ. ಬಸ್ಸಿಳಿದು ಬಂದವಳು ನನ್ನನ್ನು ಕಂಡು ಕಣ್ಣೀರಿಟ್ಟಳು, ಆಮೇಲೆ ಹೊಟ್ಟೆತುಂಬ ಉಂಡಳು, ಆಮೇಲೆ ನನ್ನ ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಗೊರಕೆ ಹೊಡೆದಳು. ಮಾರನೆಯ ದಿನ ಟೇಬಲ್ ಒಯ್ಯಲು ಜನ ಬರುವವರಿದ್ದರು.

ಬೆಳಗ್ಗೆ ನನಗೆ ಎಚ್ಚರವಾದದ್ದು ಅವಳ ನರಳಾಟಕ್ಕೆ. ಅವಳು ಹಾಸಿಗೆಯ ಮೇಲೆ ಕೂತು ನನ್ನ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಡ್ರೈವರ್‌ಗೆ ನಿಲ್ಸಕ್ಕೆ ಹೇಳೇ ಅಕ್ಕಾ," ಎಂದಳು. "ವಾಂತಿ ಬರ್ತಿದೆ."

"ಯಾವ ಡ್ರೈವರೇ?"

"ಬಸ್ ನಿಲ್ಸಕ್ಕೆ ಹೇಳು ಅಂದೆ!"

ನಾನು ಬೆಚ್ಚಿಬಿದ್ದೆ. ಅವಳ ಕಣ್ಣು ನನ್ನ ಮೇಲಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಕೂಗಿಕೊಂಡೆ. ಸೊಸೆ ಓಡಿಬಂದು ಅವಳನ್ನು ತೋಳಿನಲ್ಲಿ ಹಿಡಿದು ಬಾಲ್ಕನಿಗೆ ಕರೆದೊಯ್ದಳು. ನಾನೂ ಗೋಡೆ ಹಿಡಿದುಕೊಂಡು ಹಿಂದೆಯೇ ಹೋದೆ. ತಂಗಿ ಅಲ್ಲಿ ವಾಂತಿ ಮಾಡಿಕೊಂಡಳು, ನೀರು ಕುಡಿದಳು, ಬೀದಿಯಲ್ಲಿ ಹೋಗಿ ಬರುವವರನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಳು. ಮೆಲ್ಲಗೆ ಅವಳ ಮುಖಕ್ಕೆ ಅವಳ ಮುಖ ವಾಪಸ್ಸು ಬಂತು.

"ನಾನೇನಾದ್ರೂ ಬಸ್ಸು ಗಿಸ್ಸು ಅಂದ್ನಾ?" ಎಂದು ಕೇಳಿದಳು.

"ಅಂದೆ."

"ತಲೆ ಸಿಡೀತಿದೆ." ನನ್ನ ಕಡೆ ತಿರುಗಿದಳು. "ಅಕ್ಕಾ, ನಿಂಗೆ ದಿನಾ ಹೀಗೇ ಆಗತ್ತಾ? ಎದ್ದಾಗ ತಲೆನೋವು, ಏನೂ ತಿಳಿಯದ ಹಾಗೆ?"

"ದಿನಾ."

"ಮತ್ತೆ ಇದೇನೇ, ಅರಳುಮರಳು ಒಂದೇ ರಾತ್ರಿಗೆ ನಂಗೂ ಅಂಟ್ಕೊಳ್ತಾ? ಇದೇನು ನೆಗಡಿನಾ?"

ತಮಾಷೆಯ ಮಾತು, ಆದರೆ ಯಾರೂ ನಗಲಿಲ್ಲ. ಸೊಸೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮಗ ಹವಳದ ಮೀಟರ್ ನೋಡಿಕೊಂಡು ಬಾಲ್ಕನಿಗೆ ಬಂದ. ಅವನ ತಲೆಯ ಪಕ್ಕದಲ್ಲೇ, ನನ್ನ ಕೋಣೆಯ ಕಿಟಕಿಯಿಂದ ಆ ಕೊಳವೆಯ ತುದಿ ಹೊರಗೆ ಚಾಚಿಕೊಂಡಿತ್ತು. ಕಿವಿಗೊಟ್ಟರೆ ಅದು ಗಾಳಿ ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ನಾನು ಅದನ್ನೇ ನೋಡಿದೆ. ನನ್ನ ತಲೆಯೊಳಗಿನ ಹತ್ತಿ ತಣ್ಣನೆಯ ಗಾಳಿಗೆ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳುತ್ತಿತ್ತು.

"ಈ ಕೊಳವೆ ಯಾಕೋ ಹಾಕಿದ್ದು?" ಎಂದೆ.

ಮಗ ತಾಳ್ಮೆಯಿಂದ, ಮರೆಗುಳಿ ತಾಯಿಗೆ ಮತ್ತೊಮ್ಮೆ ಹೇಳುವವನ ದನಿಯಲ್ಲಿ ಹೇಳಿದ: "ಆವತ್ತೇ ಹೇಳಿದ್ನಲ್ಲಮ್ಮ. ಹವಳಕ್ಕೆ ಹೊರಗಿನ ಗಾಳಿ ಬೇಕು."

"ಒಳಗಿನ ಗಾಳಿಗೇನಾಗಿದೆ?"

"ರೂಮಲ್ಲಿ ಗ್ಯಾಸ್ ಜಾಸ್ತಿ ಇದೆ. ಆ ಗಾಳಿನೇ ತಗೊಂಡ್ರೆ ಅವು..."

ಅಲ್ಲಿಗೆ ಅವನ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ನನ್ನ ಮುಖ ನೋಡಿದ, ಚಿಕ್ಕಮ್ಮನ ಮುಖ ನೋಡಿದ, ಕಿಟಕಿ ನೋಡಿದ. ಅವನ ಮೈಯಲ್ಲಿದ್ದ ರಕ್ತವೆಲ್ಲ ಇಳಿದುಹೋಗುವುದು ನನಗೆ ಕಾಣಿಸಿತು. ಹೆತ್ತ ಮಗನ ಮುಖ ಹಾಗಾಗುವುದನ್ನು ಯಾವ ತಾಯಿಯೂ ನೋಡಬಾರದು.

ಓಡಿದ. ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿ ಮೊದಲು ಸಿಲಿಂಡರಿನ ತಿರುಪು ಮುಚ್ಚಿದ. ಆಮೇಲೆ ಕಿಟಕಿಯ ಮೇಲೆ ಬಿದ್ದ. ಕಿಟಕಿ ಬರಬೇಕಲ್ಲ? ಇರುವೆ ನುಸುಳದ ಹಾಗೆ ಬಳಿದವನು ಅವನೇ. ಮುಷ್ಟಿಯಲ್ಲಿ ಗುದ್ದಿದ, ಭುಜ ಕೊಟ್ಟು ನೂಕಿದ, ಉಗುರಿನಲ್ಲಿ ಅಂಟು ಕೆರೆದ. ಸೊಸೆ ಹೊರಗೆ ಬಾ ಎಂದು ಕಿರುಚುತ್ತಿದ್ದಳು. ಅವನ ಉಪಕರಣದ ಚೀಲ ಗಾಡಿಯಲ್ಲಿತ್ತು. ಸುತ್ತ ನೋಡಿದವನು ಕಪಾಟಿನ ಬೀಗ ತೆಗೆದು ನನ್ನ ಕತ್ತರಿ ಹಿಡಿದುಕೊಂಡ. ಅದರ ಬಾಯನ್ನು ಚೌಕಟ್ಟಿನ ಸಂದಿಗೆ ತೂರಿಸಿ ಮೀಟಿದ.

"ಕತ್ತರೀ..." ಎಂದು ನನ್ನ ಬಾಯಿಂದ ತಾನಾಗಿ ಬಂತು. ಅಲ್ಯುಮಿನಿಯಂ ಮೇಲೆ ಉಕ್ಕು ಕರಕರ ಎಂದ ಸದ್ದು ನನ್ನ ಹಲ್ಲಿನವರೆಗೂ ಬಂತು. ಅಂಟು ಹಗ್ಗದಂತೆ ಕಿತ್ತುಬಂತು, ಕಿಟಕಿ ಧಡಾರನೆ ತೆರೆಯಿತು, ಮೇಜಿನ ಮೇಲಿದ್ದ ಕಾಗದದ ಅಚ್ಚುಗಳೆಲ್ಲ ಹಾರಿ ಕೋಣೆಯ ತುಂಬ ಬಿದ್ದವು.

ಕೋಣೆ ಗಾಳಿಯಾಡಿದ ಮೇಲೆ ಅವನು ಸೋಪಿನ ನೀರು ಕಲಸಿಕೊಂಡು ಒಳಗೆ ಹೋದ. ಮೊದಲ ದಿನವೇ ಎಲ್ಲ ಕಡೆ ಸೋಪು ಹಚ್ಚಿ ಪರೀಕ್ಷೆ ಮಾಡಿದ್ದನಂತೆ, ಒಂದು ಕಡೆ ಬಿಟ್ಟು. ಸಿಲಿಂಡರಿನ ಬಾಯಿ. ಅದನ್ನು ತಾನೇ ಸ್ಪ್ಯಾನರ್ ಹಾಕಿ ಬಿಗಿದಿದ್ದ. ತಾನು ಬಿಗಿದದ್ದು ಸೋರುವುದುಂಟೇ? ಈಗ ತಿರುಪನ್ನು ಒಂದಿಷ್ಟು ತೆರೆದು ಅಲ್ಲಿ ಸೋಪು ಹಚ್ಚಿದ. ನೊರೆ ಅವನ ಮುಂಗೈವರೆಗೂ ಉಕ್ಕಿಬಂತು. ತಿರುಪು ಗಟ್ಟಿಯಾಗಿ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ ನೋಡಿದ.

"ಇಲ್ಲಿ ವಾಷರ್ ಇರಬೇಕಿತ್ತು," ಎಂದ, ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ತಿಳಿದಿರಲಿಲ್ಲ. "ಎಸಿ ಪೈಪಿಗೆ ವಾಷರ್ ಹಾಕಲ್ಲ. ತಾಮ್ರಕ್ಕೆ ತಾಮ್ರ ಕೂರಿಸಿ ಬಿಗಿಯೋದಷ್ಟೇ. ಇದೂ ಹಾಗೇ ಅಂದ್ಕೊಂಡೆ."

ನಾನು ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ನೂರಾರು ಗುಂಡಿಗಳ ನಡುವೆ ಬಿಳಿಯ ಪುಟ್ಟ ಬಳೆ. ಅದನ್ನು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ನೋಡಿಕೊಂಡು ನೆಲಕ್ಕೆ ಕುಸಿದ.

ಆಗ ನನಗೆ ಸಿಟ್ಟು ಬಂತು. ಅಲ್ಲಿಯವರೆಗೂ ಬರೀ ದಿಗಿಲಿತ್ತು, ಈಗ ಸಿಟ್ಟು ಕಾಲಿನಿಂದ ಮೇಲಕ್ಕೆ ಹತ್ತಿತು. ಹುಳಿಯಾದ ನೀರು, ಖಾಲಿಯಾದ ಸಿಲಿಂಡರ್, ನನ್ನ ತಲೆನೋವು, ಎಲ್ಲ ಒಂದೇ ಕೋಣೆಯಲ್ಲಿ ಇವನ ಕಣ್ಣಮುಂದೆ ಬಿದ್ದಿದ್ದವು.

"ಗಾಳಿ ಕೆಟ್ಟಿದೆ ಅಂತ ಹವಳಕ್ಕೆ ಕೊಳವೆ ಹಾಕ್ದೆ. ಅದೇ ಗಾಳೀಲಿ ನಾನಿದೀನಿ ಅಂತ ಹೊಳೀಲಿಲ್ವೇನೋ?"

ಅವನು ತಲೆಯೆತ್ತಲಿಲ್ಲ. "ಅವಕ್ಕೆ ಮೀಟರ್ ಇತ್ತಮ್ಮ," ಎಂದ.

ಅವನು ನೆಪ ಹೇಳುತ್ತಿರಲಿಲ್ಲ, ನಿಜ ಹೇಳುತ್ತಿದ್ದ. ಅದಕ್ಕೇ ಹೆಚ್ಚು ನೋವಾಯಿತು.

"ನಂಗೆ ಬಾಯಿತ್ತಲ್ಲೋ," ಎಂದೆ. "ತಲೆನೋವು ತಲೆನೋವು ಅಂತ ದಿನಾ ಬಡ್ಕೊಂಡೆ."

ಅವನು ಅತ್ತ. ದೊಡ್ಡ ಗಂಡಸು, ವಾಷರನ್ನು ಮುಷ್ಟಿಯಲ್ಲಿ ಹಿಡಿದು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನಾನು ಸಮಾಧಾನ ಮಾಡಲಿಲ್ಲ. ಮನಸ್ಸು ಬರಲಿಲ್ಲ. ಕೆಳಗೆ ಟೇಬಲ್ ಒಯ್ಯುವವರ ಗಾಡಿ ಹಾರ್ನ್ ಹೊಡೆಯಿತು. ತಂಗಿ ಬಾಲ್ಕನಿಯಿಂದ ಬಗ್ಗಿ, "ಟೇಬಲ್ಲೂ ಇಲ್ಲ ಗೀಬಲ್ಲೂ ಇಲ್ಲ, ಹೋಗ್ರೋ!" ಎಂದು ಕೂಗಿದ್ದು ಮೂರು ಬೀದಿಗೆ ಕೇಳಿರಬೇಕು. ಅವಳಿಗೆ ಪೂರ್ತಿ ವಾಸಿಯಾಗಿದೆ ಎಂದು ನಮಗೆಲ್ಲ ಗೊತ್ತಾಯಿತು.

ಅದೇ ದಿನ ಡಾಕ್ಟರ ಬಳಿ ಎಲ್ಲರೂ ಹೋದೆವು. ಅವರು ಕಥೆ ಕೇಳಿ ಪೆನ್ನು ಕೆಳಗಿಟ್ಟರು. ಗಾಳಿ ಸರಿಯಾದರೆ ತಲೆಯೂ ಸರಿಹೋಗುತ್ತದೆ, ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಹೆಚ್ಚು ತುಂಬುತ್ತದೆ, ನಿಮ್ಮ ತಂಗಿ ನೆಲದ ಮೇಲೆ ಮಲಗಿದ್ದು ನಿಮ್ಮ ಪುಣ್ಯ ಎಂದರು. ತಂಗಿ ಅದನ್ನು ಈಗಲೂ ವಾರಕ್ಕೊಮ್ಮೆ ಫೋನಿನಲ್ಲಿ ನೆನಪಿಸುತ್ತಾಳೆ. ಸಿಲಿಂಡರ್ ತುಂಬುವವನ ಅಂಗಡಿಗೆ ಮಗ ತಾನೇ ಹೋಗಿ ಕೈಮುಗಿದು ಬಂದ. ತೊಟ್ಟಿಯ ಹೊಟ್ಟೆ, ರಿಯಾಕ್ಟರ್, ಸಿಲಿಂಡರ್ ಎಲ್ಲ ಬಾಲ್ಕನಿಗೆ ಹೋದವು. ಹವಳಕ್ಕೆ ಏನೂ ಆಗಲಿಲ್ಲ. ಆ ದಿನಗಳಲ್ಲೇ ಅದು ಹೊಸ ಚಿಗುರು ಬಿಟ್ಟಿತ್ತು. ಅದರ ಮುಂದೆ ಹಾದುಹೋಗುವಾಗ ನಾನು ಇನ್ನೂ ಮುಖ ತಿರುಗಿಸಿಕೊಳ್ಳುತ್ತೇನೆ, ಅದರದ್ದೇನೂ ತಪ್ಪಿಲ್ಲ ಎಂದು ಗೊತ್ತಿದ್ದರೂ.

ತಲೆ ತಿಳಿಯಾಗಿ ಎಷ್ಟೋ ದಿನ ನಾನು ಟೇಬಲ್ಲಿನ ಹತ್ತಿರ ಹೋಗಲಿಲ್ಲ. ಗ್ಯಾಸ್ ಕಾರಣ ಎಂದು ಎಲ್ಲರೂ ಹೇಳಿದರೂ ಒಳಗೊಂದು ಹೆದರಿಕೆ ಹಾಗೇ ಉಳಿದಿತ್ತು. ಗ್ಯಾಸ್ ಹೋದ ಮೇಲೂ ಎರಡೂ ಎಡಭಾಗವೇ ಬಂದರೆ? ಕೊನೆಗೆ ಒಂದು ಬೆಳಗ್ಗೆ ಅದೇ ಕಾವಲುಗಾರನ ಕೋಟಿಗೆ ಹೊಸ ಬಟ್ಟೆ ಹಾಸಿದೆ. ಒಂದು ಭಾಗ ಕತ್ತರಿಸಿದೆ. ಅಚ್ಚನ್ನು ಮಗುಚಿದೆ. ಮಗುಚಿದೆ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಇನ್ನೊಂದು ಕತ್ತರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಎಡಕ್ಕೊಂದು, ಬಲಕ್ಕೊಂದು. ಟೇಬಲ್ಲಿನ ಮೇಲೆ ಕೈಯೂರಿಕೊಂಡು ಅತ್ತುಬಿಟ್ಟೆ.

ಬಾಗಿಲಲ್ಲಿ ಮಗ ನಿಂತಿದ್ದ. ಒಳಗೆ ಬರಲು ಈಗ ಅವನು ಕೇಳಿಯೇ ಬರುತ್ತಾನೆ. ಅವನ ಕಣ್ಣು ಕತ್ತರಿಯ ಮೇಲಿತ್ತು. ಕಿಟಕಿ ಮೀಟಿದ ಕಡೆ ಅದರ ಬಾಯಿ ಚೂರು ಹಾರಿತ್ತು.

"ಕೊಡಮ್ಮ, ಸಾಣೆ ಹಿಡಿಸ್ಕೊಂಡ್ ಬರ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ," ಎಂದೆ.

ಸಾಣೆಗೆ ಈವರೆಗೂ ಕೊಟ್ಟಿಲ್ಲ. ಕತ್ತರಿಸುತ್ತ ಹೋದರೆ ಬಟ್ಟೆ ಆ ಜಾಗದಲ್ಲಿ ಒಂದು ಗಳಿಗೆ ತಡೆಯುತ್ತದೆ, ಆಮೇಲೆ ಮುಂದಕ್ಕೆ ಹೋಗುತ್ತದೆ. ತಡೆದಾಗಲೆಲ್ಲ ನಾನು ತಲೆಯೆತ್ತಿ ಕಿಟಕಿ ತೆರೆದಿದೆಯೇ ಎಂದು ನೋಡುತ್ತೇನೆ. ಬಾಲ್ಕನಿಯಲ್ಲಿ ಹವಳದ ಮೀಟರ್ ನೋಡುತ್ತಿರುವ ಮಗನೂ ಅದೇ ಹೊತ್ತಿಗೆ ಅಲ್ಲಿಂದ ಕೂಗುತ್ತಾನೆ: "ಅಮ್ಮಾ, ತಲೆ ಹೇಗಿದೆ?"